ಪದ ಪರಿಚಯ: ಮೊಲಾರಿಟಿ

ಒಂದು ಲೀಟರ್ ದ್ರಾವಣದಲ್ಲಿ ಎಷ್ಟು ಮೋಲ್ ವಸ್ತು ಕರಗಿದೆ ಅನ್ನುವುದೇ ಮೊಲಾರಿಟಿ. ಮೋಲ್ ಅಂದರೆ ಡಜನ್ ಇದ್ದ ಹಾಗೆ, ಕಣಗಳನ್ನು ಎಣಿಸುವ ಅಳತೆ. ಅಡುಗೆ ಉಪ್ಪಿನ ಒಂದು ಮೋಲ್ ಅಂದರೆ 58.44 ಗ್ರಾಂ. ಅಷ್ಟು ಉಪ್ಪಿಗೆ ಸುಮ್ನೆ ಒಂದು ಲೀಟರ್ ನೀರು ಸುರಿದರೆ 1 ಮೋಲಾರ್ ಆಗುವುದಿಲ್ಲ. ಸ್ವಲ್ಪ ನೀರಿನಲ್ಲಿ ಕರಗಿಸಿ, ಆಮೇಲೆ ಒಟ್ಟು ದ್ರಾವಣವೇ ಒಂದು ಲೀಟರ್ ಆಗುವಷ್ಟು ನೀರು ಸೇರಿಸಬೇಕು. ವಾಲ್ಯುಮೆಟ್ರಿಕ್ ಫ್ಲಾಸ್ಕಿನ ಕತ್ತಿನ ಮೇಲೆ ಗೆರೆ ಇರುವುದು ಅದಕ್ಕೇ.

ಗ್ರಾಂ ಲೆಕ್ಕ ಸಾಲದಾ? ಸಾಲದು. ರಾಸಾಯನಿಕ ಕ್ರಿಯೆಗೆ ಬೇಕಾಗಿರುವುದು ಕಣಗಳ ಎಣಿಕೆ. ಮೊಲಾರಿಟಿಯನ್ನು ಮಿಲಿಲೀಟರಿನಿಂದ ಗುಣಿಸಿದರೆ ಮಿಲಿಮೋಲ್ ಸಿಗುತ್ತದೆ, ಅಂದರೆ ಎಣಿಕೆ ಕೈಗೆ ಬಂದ ಹಾಗೆ.

ಪಿಯುಸಿ ಲ್ಯಾಬಿನ ಪೊಟ್ಯಾಸಿಯಂ ಪರ್ಮಾಂಗನೇಟ್ ಟೈಟ್ರೇಶನ್ (ಒಂದು ದ್ರಾವಣಕ್ಕೆ ಇನ್ನೊಂದನ್ನು ಹನಿಹನಿಯಾಗಿ ಬಿಟ್ಟು ಅಳೆಯುವ ಪ್ರಯೋಗ) ನೆನಪಿದೆ ಅಲ್ವಾ? ಈ ವಸ್ತುವನ್ನು ತೂಗಿ ಕರಗಿಸಿದರೂ ಮೊಲಾರಿಟಿ ನಂಬುವ ಹಾಗಿಲ್ಲ. ಬೆಳಕಿಗೆ ನಿಧಾನವಾಗಿ ಕೆಡುತ್ತದೆ, ಕಂದು ಬಾಟಲಿಯಲ್ಲೇ ಇಡಬೇಕು. ಹಾಗಾಗಿ ಮೊಲಾರಿಟಿ ಗೊತ್ತಿರುವ ಆಕ್ಸಾಲಿಕ್ ಆಮ್ಲದ ಜೊತೆ ಕ್ರಿಯೆ ಮಾಡಿಸಿ ಅಳೆಯುತ್ತಾರೆ. ಆಮ್ಲಕ್ಕೆ ನೀರು ಬೆರೆಸಿ ತೆಳು ಮಾಡಿದ ಸಲ್ಫ್ಯೂರಿಕ್ ಆಮ್ಲ ಸೇರಿಸಿ 60–70 ಡಿಗ್ರಿಗೆ ಬಿಸಿ ಮಾಡಿ, ಬ್ಯುರೆಟ್ಟಿನಿಂದ (ಅಳತೆ ಗೆರೆ ಇರುವ, ಕೆಳಗೆ ತಿರುಪು ಇರುವ ಗಾಜಿನ ಕೊಳವೆ) ನೇರಳೆ ಬಣ್ಣದ ಪರ್ಮಾಂಗನೇಟ್ ದ್ರಾವಣ ಬಿಡಬೇಕು. ಮೊದಲ ಹನಿಗಳ ಬಣ್ಣ ಹೋಗಲು ಸತಾಯಿಸುತ್ತದೆ. ಆಮೇಲೆ ಬಿದ್ದ ಬಿದ್ದ ಹಾಗೆ ಮಾಯ! ಕ್ರಿಯೆಯಲ್ಲಿ ಹುಟ್ಟುವ ಮ್ಯಾಂಗನೀಸ್ ಅಯಾನೇ ಕ್ರಿಯೆಗೆ ವೇಗ ಕೊಡುತ್ತದೆ. ಕೊನೆಗೆ ಒಂದು ಹನಿಗೆ ತಿಳಿ ಗುಲಾಬಿ ಬಣ್ಣ ಹಾಗೇ ಉಳಿದರೆ ನಿಲ್ಲಿಸಬೇಕು. ಕ್ರಿಯೆ ಮುಗಿದದ್ದನ್ನು ಬಣ್ಣದಿಂದ ತೋರಿಸಲು ಬೇರೆ ಸೂಚಕ ಬೇಡ.

0.05 ಮೋಲಾರ್ ಆಮ್ಲ 10 ಮಿ.ಲೀ. ತೆಗೆದುಕೊಂಡೆವು, ಪರ್ಮಾಂಗನೇಟ್ ಕೂಡ ಸರಿಯಾಗಿ 10 ಮಿ.ಲೀ. ಹಿಡಿಯಿತು ಅಂದುಕೊಳ್ಳೋಣ. ಹೆಚ್ಚಿನವರು ಎಡವುವುದು ಇಲ್ಲೇ. ಎಂ1ವಿ1 = ಎಂ2ವಿ2 (ಎಂ ಅಂದರೆ ಮೊಲಾರಿಟಿ, ವಿ ಅಂದರೆ ದ್ರಾವಣದ ಗಾತ್ರ) ಅಂತ ಹಾಕಿ 0.05 ಅಂದುಬಿಡುತ್ತಾರೆ. ಆ ಸೂತ್ರ ನೀರು ಬೆರೆಸಿ ತೆಳು ಮಾಡುವಾಗ ಸರಿ, ಒಂದು ಮೋಲಿಗೆ ಒಂದೇ ಮೋಲ್ ಕೂಡುವ ಕ್ರಿಯೆಗೂ ಸರಿ. ಆದರೆ ಇಲ್ಲಿ ಪರ್ಮಾಂಗನೇಟ್ 5 ಎಲೆಕ್ಟ್ರಾನ್ ತೆಗೆದುಕೊಳ್ಳುತ್ತದೆ, ಆಕ್ಸಾಲಿಕ್ ಆಮ್ಲ ಕೊಡುವುದು ಬರೀ 2. ಆದ್ದರಿಂದ 5 ಆಮ್ಲಕ್ಕೆ 2 ಪರ್ಮಾಂಗನೇಟ್. ಆಮ್ಲ ಇರುವುದು 0.5 ಮಿಲಿಮೋಲ್, ಅದಕ್ಕೆ ಬೇಕಾದ ಪರ್ಮಾಂಗನೇಟ್ 0.2 ಮಿಲಿಮೋಲ್. 10 ಮಿ.ಲೀ.ಯಲ್ಲಿ ಅಷ್ಟಿದೆ ಅಂದರೆ 0.02 ಮೋಲಾರ್, ಲೀಟರಿಗೆ ಸುಮಾರು 3.16 ಗ್ರಾಂ. ಸಮೀಕರಣ ನೋಡದೆ ಸೂತ್ರ ಹಾಕಿದ್ದಕ್ಕೆ ಉತ್ತರ ಎರಡೂವರೆ ಪಟ್ಟು ಜಾಸ್ತಿ ಬಂತು. ನನ್ನ ಕೇಳಿದರೆ ಆ ಸೂತ್ರವನ್ನು ಬಾಯಿಪಾಠ ಮಾಡದಿರುವುದೇ ವಾಸಿ.

ಸಲ್ಫ್ಯೂರಿಕ್ ಬದಲು ಹೈಡ್ರೋಕ್ಲೋರಿಕ್ ಆಮ್ಲ ಹಾಕಿದರೂ ಲೆಕ್ಕ ಕೆಡುತ್ತದೆ. ಪರ್ಮಾಂಗನೇಟಿನ ಒಂದು ಪಾಲು ಕ್ಲೋರೈಡನ್ನು ಕ್ಲೋರಿನ್ ಮಾಡಲು ಖರ್ಚಾಗುತ್ತದೆ. ಬ್ಯುರೆಟ್ ರೀಡಿಂಗ್ ಜಾಸ್ತಿ ಬಂದು, ಮೊಲಾರಿಟಿ ನಿಜಕ್ಕಿಂತ ಕಡಿಮೆ ಸಿಗುತ್ತದೆ.