ಮಾವಿನ ಬಟ್ಟಲು ವಾರಕ್ಕೇ ಸೀಳಿತು, ಯಾಕೆ?

ಪ್ರಶ್ನೆ: ಶ್ರೀನಿವಾಸಪುರದ ಹತ್ತಿರ ತೋಟದಲ್ಲಿ ಮುದಿ ಮಾವಿನ ಮರ ಕಡಿಸಿದರು. ಒಂದು ತುಂಡು ತಂದು ಮನೆಯ ಲೇತ್‌ನಲ್ಲಿ ಬಟ್ಟಲು ಕಡೆದೆ. ಹಸಿ ಕಟ್ಟಿಗೆ, ಸೌತೆಕಾಯಿ ಹೆಚ್ಚಿದಷ್ಟು ಸಲೀಸಾಗಿ ಬಂತು. ವಾರದೊಳಗೆ ಅಂಚಿನಿಂದ ತಳದವರೆಗೆ ಸೀಳು. ಒಣಗಿದ ಕಟ್ಟಿಗೆಯನ್ನೇ ತರಬೇಕಿತ್ತೇ?

ಉತ್ತರ: ಬೇಕಿರಲಿಲ್ಲ. ನಾಲ್ಕಿಂಚು ದಪ್ಪದ ತುಂಡು ಒಳಗಿನವರೆಗೆ ಒಣಗಲು ವರ್ಷಗಳೇ ಹಿಡಿಯುತ್ತವೆ, ಅಷ್ಟರಲ್ಲಿ ಮಾವಿನ ಕಟ್ಟಿಗೆಯನ್ನು ಕುಟ್ಟೆ ಹುಳು ಹಿಟ್ಟು ಮಾಡಿರುತ್ತದೆ. ಹಸಿಯಲ್ಲೇ ಕಡೆಯಿರಿ, ಆದರೆ ಎರಡು ಸಲ ಕಡೆಯಿರಿ: ಹಸಿಯಲ್ಲಿ ದಪ್ಪಗೆ ಒರಟಾಗಿ, ಒಣಗಿದ ಮೇಲೆ ತೆಳುವಾಗಿ. ನಿಮ್ಮ ತಪ್ಪು ಒಂದೇ ಸಲಕ್ಕೆ ಮುಗಿಸಿದ್ದು.

ಮೊದಲು ಸೀಳು ಎಲ್ಲಿಂದ ಹೊರಟಿದೆ ನೋಡಿ. ತಳದ ಮಧ್ಯದಲ್ಲಿ ನಕ್ಷತ್ರದ ಹಾಗೆ ಒಡೆದಿದ್ದರೆ ಮರದ ತಿರುಳು (ಕಾಂಡದ ನಟ್ಟನಡುವಿನ ಭಾಗ) ಬಟ್ಟಲಿನೊಳಗೇ ಉಳಿದಿದೆ. ಅಂಚಿನಲ್ಲಿ, ಎದುರುಬದುರಾಗಿ, ಎಳೆ (ಕಾಂಡದ ಉದ್ದಕ್ಕೆ ಓಡುವ ನಾರು) ಅಡ್ಡ ಕಡಿದ ಜಾಗದಲ್ಲಿ ಬಿಟ್ಟಿದ್ದರೆ ಒಣಗಿದ್ದು ಅತಿ ಬೇಗ. ಮರದ ಬೆಳವಣಿಗೆಯ ಉಂಗುರದ ಗುಂಟ ಬಾಗಿ ಹೋಗಿದ್ದರೆ ಮರ ನಿಂತಿದ್ದಾಗಲೇ ಒಳಗೆ ಒಡಕಿತ್ತು, ಅದಕ್ಕೆ ಯಾರೇನೂ ಮಾಡುವಂತಿಲ್ಲ.

ಹಸಿ ಕಟ್ಟಿಗೆಯ ತೇವ ಸುಮಾರು ಶೇ. 30ಕ್ಕೆ ಇಳಿಯುವವರೆಗೆ ಅದು ಕುಗ್ಗುವುದಿಲ್ಲ. ಅಲ್ಲಿಂದ ಕೆಳಗೆ ಶುರು. ಉಂಗುರದ ಗುಂಟ ಕುಗ್ಗುವುದು ತಿರುಳಿನಿಂದ ತೊಗಟೆಯ ಕಡೆಗೆ ಕುಗ್ಗುವುದರ ಹತ್ತಿರ ಹತ್ತಿರ ಎರಡರಷ್ಟು. ಎಳೆಯ ಉದ್ದಕ್ಕೆ ಲೆಕ್ಕಕ್ಕೇ ಇಲ್ಲ. ಹಾಗಾಗಿ 250 ಮಿ.ಮೀ. ಬಟ್ಟಲು ಒಣಗಿದ ಮೇಲೆ ಒಂದು ಕಡೆ 250 ಇದ್ದು ಇನ್ನೊಂದು ಕಡೆ 240ಕ್ಕೆ ಬಂದರೆ ಗಾಬರಿ ಬೇಡ, ಮೊಟ್ಟೆಯಾಕಾರಕ್ಕೆ ತಿರುಗಲೇಬೇಕು. ಗೋಡೆ ಎಲ್ಲೆಡೆ ಒಂದೇ ದಪ್ಪವಿದ್ದರೆ ಸೊಟ್ಟಗಾಗುತ್ತದೆ, ಸೀಳುವುದು ಕಡಿಮೆ. ಅಂಚು ತೆಳು, ತಳ ದಪ್ಪ ಇದ್ದರೆ ಅಂಚು ಒಣಗಿ ಎಳೆಯುವಾಗ ತಳ ಜಗ್ಗುವುದಿಲ್ಲ. ಹೊಸಬರು ಬಹುತೇಕ ಕೆಡಿಸುವುದು ಇಲ್ಲೇ.

ಮರ ಬಿದ್ದ ದಿನವೇ ದಿಮ್ಮಿಯ ಎರಡೂ ತುದಿಗೆ ಮೇಣ ಬಳಿಯಿರಿ, ಡಬ್ಬಿಯ ತಳದಲ್ಲಿ ಉಳಿದ ಎಮಲ್ಷನ್ ಪೈಂಟ್ ಆದರೂ ಸರಿ, ಎರಡು ಕೋಟ್. ಸಾಮಿಲ್‌ನಲ್ಲಿ ಉದ್ದಕ್ಕೆ ಸೀಳಿಸುವಾಗ ತಿರುಳನ್ನು ಆಚೀಚೆ ತಲಾ 15 ಮಿ.ಮೀ. ಸೇರಿಸಿ ಹಲಗೆಯಾಗಿ ತೆಗೆಸಿಬಿಡಿ. ಉಳಿದ ಎರಡು ಹೋಳೇ ನಿಮ್ಮ ಬಟ್ಟಲು.

ತುಂಡನ್ನು ಫೇಸ್‌ಪ್ಲೇಟ್‌ಗೆ (ಲೇತ್‌ನ ತಿರುಗುವ ತಟ್ಟೆ) ಸ್ಕ್ರೂ ಹಾಕಿ ಏರಿಸಿದ ಮೇಲೆ ಕೈಯಲ್ಲೇ ಒಂದು ಸುತ್ತು ತಿರುಗಿಸಿ, ಟೂಲ್ ರೆಸ್ಟ್‌ಗೆ (ಉಳಿ ಊರುವ ಆಸರೆ) ತಗಲದಿದ್ದರೆ ಮಾತ್ರ ಸ್ವಿಚ್. ಓರೆಕೋರೆ ತುಂಡಿಗೆ ಲೇತ್‌ನ ಅತಿ ಕಡಿಮೆ ವೇಗ. ದುಂಡಗಾದ ಮೇಲೆ ಅಗಲದ ಇಂಚನ್ನು ನಿಮಿಷಕ್ಕೆಷ್ಟು ಸುತ್ತು ಎಂಬ ವೇಗದಿಂದ ಗುಣಿಸಿದರೆ 6000ದಿಂದ 9000ದೊಳಗೆ ಬರಬೇಕು. ಹತ್ತಿಂಚಿಗೆ 600–900 ಸುತ್ತು. ಮುಖಕ್ಕೆ ಶೀಲ್ಡ್ ಬೇಕೇ ಬೇಕು. ಮಾವಿನ ಸೊನೆ ತಾಗಿ ಮೈ ಕೆರೆಯುವವರು ಹಸಿ ಚಕ್ಕೆಯಿಂದಲೂ ಜೋಪಾನ.

ಮೊದಲ ಸಲ ಗೋಡೆ ಅಗಲದ ಹತ್ತನೇ ಒಂದು ಪಾಲಿರಲಿ, 250ಕ್ಕೆ 25 ಮಿ.ಮೀ. ತಳದಲ್ಲಿ ಚಕ್ (ದವಡೆಗಳಿಂದ ಕಚ್ಚಿ ಹಿಡಿಯುವ ಲೇತ್‌ನ ಭಾಗ) ಹಿಡಿಯಲು 8–10 ಮಿ.ಮೀ. ಎತ್ತರದ ಗುಬುಟು ಬಿಡಿ. ಅದರ ಭುಜ ಚಕ್‌ನ ದವಡೆಯ ಮೇಲೆ ಕೂರಬೇಕು, ಗುಬುಟಿನ ತುದಿ ಚಕ್‌ನ ತಳಕ್ಕೆ ತಾಗಬಾರದು. ತಾಗಿದರೆ ಹಿಡಿತ ಸುಳ್ಳು, ಉಳಿ ಕಚ್ಚಿದ ಕ್ಷಣ ಬಟ್ಟಲು ಗೋಡೆ ಸೇರುತ್ತದೆ. ಗುಬುಟಿನ ಮಧ್ಯದ ಚುಕ್ಕೆಯನ್ನು ಅಳಿಸಬೇಡಿ.

ಈಗ ಹೊರಗೆ ಅಡ್ಡ ಕಡಿದ ಎಳೆಗಳಿಗೆ ಮೇಣ ಹಚ್ಚಿ, ಅದರದೇ ಚಕ್ಕೆಯೊಂದಿಗೆ ಕಾಗದದ ಚೀಲದಲ್ಲಿಟ್ಟು, ಸಿಮೆಂಟ್ ನೆಲದ ತಂಪು ಮೂಲೆಯಲ್ಲಿಡಿ. ಪ್ಲಾಸ್ಟಿಕ್ ಕವರ್‌ನಲ್ಲಿಟ್ಟರೆ ಬೂಷ್ಟು. ಕೋಲಾರದ ಏಪ್ರಿಲ್‌ನಲ್ಲಿ ಶೀಟಿನ ಸೂರಿನ ಕೆಳಗಿಟ್ಟರೆ ಎರಡೇ ದಿನಕ್ಕೆ ಸೀಳು. ಹುಳುವಿನ ಭಯಕ್ಕೆ ಔಷಧಿ ಹೊಡೆಯುವ ಯೋಚನೆ ಬೇಡ: ಉಣ್ಣುವ ಬಟ್ಟಲು, ಪಕ್ಕದಲ್ಲಿ ರೇಷ್ಮೆ ಮನೆಯಿದ್ದರಂತೂ ದೂರವೇ ಇರಿ. ವಾರಕ್ಕೊಮ್ಮೆ ಅಡುಗೆ ತಕ್ಕಡಿಯಲ್ಲಿ ತೂಗಿ ತಳದಲ್ಲೇ ಪೆನ್ಸಿಲ್‌ನಿಂದ ಬರೆಯಿರಿ. ಮೊದಮೊದಲು ನೂರಾರು ಗ್ರಾಂ ಇಳಿಯುತ್ತದೆ, ಆಮೇಲೆ ಹತ್ತು ಹದಿನೈದು. ಮೂರು ವಾರ ತೂಕ ಕದಲದಿದ್ದರೆ ಒಣಗಿದೆ. ಮಳೆಗಾಲದಲ್ಲಿ ತುಸು ಏರುವುದೂ ಉಂಟು.

ಎರಡನೇ ಸಲ ಕಡೆಯುವಾಗ ಎಲ್ಲಕ್ಕಿಂತ ಮೊದಲು ಸೊಟ್ಟಗಾದ ಗುಬುಟನ್ನು ದುಂಡು ಮಾಡಿಕೊಳ್ಳಬೇಕು, ಆಗ ಆ ಚುಕ್ಕೆ ಕೆಲಸಕ್ಕೆ ಬರುತ್ತದೆ: ಟೇಲ್‌ಸ್ಟಾಕಿನ (ಲೇತ್‌ನ ಇನ್ನೊಂದು ತುದಿಯಿಂದ ತುಂಡನ್ನು ಒತ್ತಿ ಹಿಡಿಯುವ ಭಾಗ) ಮೊನೆ ಅಲ್ಲಿಗೇ. ಆಮೇಲೆ ಗೋಡೆ 8–10 ಮಿ.ಮೀ.ಗೆ ಇಳಿಸಿ.

ಮಂಚದ ಕಾಲು, ಕಟಕಟೆ ಕಂಬ ಕಡೆಯುವ ಬಡಗಿಗಳ ಬಳಿ, ಇಲ್ಲವೇ ಚನ್ನಪಟ್ಟಣದ ಬೊಂಬೆ ಕೆಲಸದವರ ಬಳಿ ಉಳಿ ಮಸೆಯುವುದನ್ನು ಧಾರಾಳವಾಗಿ ಕಲಿಯಿರಿ. ಆದರೆ ಅವರ ಕೆಲಸದಲ್ಲಿ ಎಳೆ ಲೇತ್ ತಿರುಗುವ ಅಚ್ಚಿನ ಗುಂಟ ಓಡುತ್ತದೆ, ಬಟ್ಟಲಿನಲ್ಲಿ ಅಡ್ಡ. ಕಂಬವನ್ನು ದುಂಡು ಮಾಡುವ ಅಗಲ ರಫಿಂಗ್ ಗೌಜನ್ನು (ಬಾಗಿದ ಬಾಯಿಯ ಉಳಿ) ಬಟ್ಟಲಿಗೆ ಮುಟ್ಟಿಸಲೇಬೇಡಿ. ಅದರ ಹಿಡಿಯೊಳಗಿನ ಬಾಲ ತೆಳು, ಕಚ್ಚಿದರೆ ಮುರಿದು ಹಾರುತ್ತದೆ.

ಇದು ಒಬ್ಬರೇ ಮಾಡುವ ಕೆಲಸವೂ ಅಲ್ಲ. ಒಂದು ದಿಮ್ಮಿಯಲ್ಲಿ ಎಂಟು ಹತ್ತು ಬಟ್ಟಲಿನಷ್ಟು ಕಟ್ಟಿಗೆ ಇರುತ್ತದೆ, ಬೇಸಿಗೆಯಲ್ಲಿ ಎರಡು ಮೂರು ದಿನದೊಳಗೆ ಅಷ್ಟೂ ಒರಟಾಗಿ ಕಡೆದು ಮುಗಿಯಬೇಕು. ನಾಲ್ವರು ಸೇರಿದರೆ ಸಾಮಿಲ್ ಕೂಲಿ ಹಂಚಿಕೊಳ್ಳಬಹುದು, ಒಂದು ಚಕ್ ಸಾಕಾಗುತ್ತದೆ, ಉಳಿಯ ಕೋನ ತಪ್ಪಿದ್ದು ಪಕ್ಕದಲ್ಲಿ ನಿಂತವರಿಗೆ ಮೊದಲು ಕಾಣುತ್ತದೆ.

ಸೀಳಿದ ಬಟ್ಟಲನ್ನು ಅಂಟು ತುಂಬಿ ಮತ್ತೆ ಲೇತ್‌ಗೆ ಏರಿಸಬೇಡಿ. ಗರಗಸದಲ್ಲಿ ನಟ್ಟನಡುವೆ ಎರಡು ಹೋಳು ಮಾಡಿ, ಗೋಡೆಯ ದಪ್ಪವನ್ನು ಅಂಚು, ಹೊಟ್ಟೆ, ತಳ ಮೂರೂ ಕಡೆ ಅಳೆದು ನೋಡಿ.