ಕೀಲಿನ ಊತ ಫೋನಿನಲ್ಲಿ ಕಾಣುತ್ತಾ?

ಕಳೆದ ತಿಂಗಳು ವಿಜಯನಗರದ ನಮ್ಮ ಮನೆಯಲ್ಲಿ, ಅಡುಗೆ ಕಟ್ಟೆ ಮೇಲೆ ಉಪ್ಪಿನಕಾಯಿ ಜಾಡಿಗೆ ಫೋನ್ ಒರಗಿಸಿ, ದೊಡ್ಡಮ್ಮನನ್ನು ಡಾಕ್ಟರ ಮುಂದೆ ಕೂರಿಸಿದೆ. ಅವರಿಗೆ ಸಂಧಿವಾತ, ಅಂದರೆ ರುಮಟಾಯ್ಡ್ ಆರ್ಥ್ರೈಟಿಸ್, ಸುಮಾರು ವರ್ಷದಿಂದ ಇದೆ. "ಮುಷ್ಟಿ ಕಟ್ಟಿ ಅಮ್ಮಾ" ಅಂದರು ಡಾಕ್ಟರು. ಕಟ್ಟಿದರು. ಬೆರಳ ತುದಿ ಅಂಗೈಗೆ ತಾಗಲಿಲ್ಲ, ನಡುವೆ ಒಂದು ಅಡಿಕೆ ಹಿಡಿಸುವಷ್ಟು ಜಾಗ ಉಳಿಯಿತು. ಆಮೇಲೆ ನನ್ನ ಸರದಿ. ಬೆರಳ ಬುಡದ ಗೆಣ್ಣುಗಳನ್ನು ಎರಡೂ ಕಡೆಯಿಂದ ಹಿಡಿದು ಮೆಲ್ಲಗೆ ಅದುಮಿ, ಅದುಮುವಾಗ ಕೈ ನೋಡಬೇಡಿ, ಅವರ ಮುಖ ನೋಡಿ ಅಂದರು. ಅದುಮಿದೆ. "ಅಯ್ಯೋ, ಬಿಡೋ!"

ಆ "ಅಯ್ಯೋ"ವನ್ನು ಡಾಕ್ಟರು ಬರೆದುಕೊಂಡರು. ಫೋನಿನ ವೈದ್ಯ ಅಂದ ತಕ್ಷಣ ನಾವು ಕ್ಯಾಮೆರಾ, ಇಂಟರ್ನೆಟ್ ಸ್ಪೀಡು ಅಂತ ಯೋಚಿಸುತ್ತೇವೆ. ಆದರೆ ಕೀಲಿನ ಕಾಯಿಲೆ ಮಟ್ಟಿಗೆ ನನಗೆ ಬೇರೆ ಕಥೆಯೇ ಕಾಣುತ್ತದೆ. ರೋಗಿ ತಾನೇ ಹೇಳುವ ಮಾತನ್ನು ಒಂದು ಅಳತೆ ಅಂತ ವೈದ್ಯರು ಒಪ್ಪಿಕೊಂಡ ಕಥೆ ಅದು. ಮಷಿನ್ನು ಬಂದದ್ದು ಆಮೇಲೆ.

ಮೊದಲು ತಂತಿ ಮೇಲೆ ಹೋದದ್ದು ಹೃದಯ. 1905ರಲ್ಲೇ ನೆದರ್‌ಲ್ಯಾಂಡ್ಸಿನ ಲೈಡನ್ ಊರಿನಲ್ಲಿ ವಿಲ್ಲೆಮ್ ಐಂಥೋವನ್ ಆಸ್ಪತ್ರೆಯ ರೋಗಿಯ ಇಸಿಜಿಯನ್ನು ಟೆಲಿಫೋನ್ ತಂತಿಯಲ್ಲಿ ಒಂದೂವರೆ ಕಿಲೋಮೀಟರ್ ದೂರದ ತಮ್ಮ ಲ್ಯಾಬಿಗೆ ತರಿಸಿಕೊಂಡಿದ್ದರು. ನಮ್ಮಲ್ಲೂ ಹಾಗೇ ಆಯಿತು. ಇಸ್ರೋ 2001ರಲ್ಲಿ ಉಪಗ್ರಹದ ಮೂಲಕ ಟೆಲಿಮೆಡಿಸಿನ್ ಪ್ರಯೋಗ ಶುರು ಮಾಡಿತು. 2002ರಲ್ಲಿ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಚಾಮರಾಜನಗರದ ಜಿಲ್ಲಾ ಆಸ್ಪತ್ರೆ, ಹೆಗ್ಗಡದೇವನಕೋಟೆ ಕಡೆಯ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆ ಎರಡನ್ನೂ ಜೋಡಿಸಿದರು. ಇಸಿಜಿ, ಎಕ್ಸ್-ರೇ ಇವೆಲ್ಲ ಹುಟ್ಟುವಾಗಲೇ ಗೆರೆ ಇಲ್ಲವೇ ಚಿತ್ರ. ಅದನ್ನು ಎಲ್ಲಿಗೆ ಬೇಕಾದರೂ ಕಳಿಸಬಹುದು.

ಕೀಲು ಹಾಗಲ್ಲ. ಸಂಧಿವಾತ ಎಷ್ಟು ಉಲ್ಬಣಿಸಿದೆ ಅಂತ ಅಳೆಯಲು ಡಾಕ್ಟರು 28 ಕೀಲುಗಳನ್ನು ಒಂದೊಂದಾಗಿ ಒತ್ತಿ ನೋಡುತ್ತಾರೆ. ಭುಜ, ಮೊಣಕೈ, ಮಣಿಕಟ್ಟು, ಬೆರಳ ಗೆಣ್ಣುಗಳು, ಮಂಡಿ. ತಮ್ಮ ಹೆಬ್ಬೆರಳ ಉಗುರು ಬೆಳ್ಳಗಾಗುವಷ್ಟು ಒತ್ತಬೇಕು, ಅದಕ್ಕಿಂತ ಜಾಸ್ತಿ ಬೇಡ, ಕಮ್ಮಿಯೂ ಬೇಡ. ಎಷ್ಟು ಕೀಲು ನೋಯುತ್ತದೆ, ಎಷ್ಟು ಊದಿದೆ ಅನ್ನುವ ಎಣಿಕೆ, ಮೈಯಲ್ಲಿ ಉರಿಯೂತ ಎಷ್ಟಿದೆ ಅಂತ ತೋರಿಸುವ ಇಎಸ್‌ಆರ್ ಅಥವಾ ಸಿಆರ್‌ಪಿ ರಕ್ತ ಪರೀಕ್ಷೆ, ಜತೆಗೆ ರೋಗಿ ತಾನು ಹೇಗಿದ್ದೇನೆ ಅಂತ ಕೊಡುವ ಅಂಕ, ಎಲ್ಲ ಸೇರಿಸಿ ಒಂದು ಸ್ಕೋರ್. ಸವೆತದಿಂದ ಬಂದ ಗಂಟು ಮುಟ್ಟಿದರೆ ಮೂಳೆಯ ಹಾಗೆ ಗಟ್ಟಿ. ಸಂಧಿವಾತದ ಊತ ಮೆತ್ತಗೆ, ಒತ್ತಿದರೆ ಸ್ಪಂಜಿನಂತೆ. ಕ್ಯಾಮೆರಾಗೆ ಇವೆರಡೂ ಒಂದೇ ಥರ ದಪ್ಪ ಬೆರಳು, ಅಷ್ಟೇ. ಅದಕ್ಕೇ ಈ ತಜ್ಞರು ದೂರದ ಚಿಕಿತ್ಸೆಗೆ ಬಹಳ ವರ್ಷ ಮನಸ್ಸು ಮಾಡಲಿಲ್ಲ. ಅವರದ್ದು ತಪ್ಪು ಅಂತ ನನಗೇನೂ ಅನಿಸುವುದಿಲ್ಲ.

ದಾರಿ ತೆರೆದದ್ದು ಒಂದು ಪ್ರಶ್ನೆಪತ್ರಿಕೆ. 1980ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಜೇಮ್ಸ್ ಫ್ರೈಸ್ ಮತ್ತು ಜೊತೆಯವರು ಒಂದು ಪ್ರಶ್ನಾವಳಿ ಪ್ರಕಟಿಸಿದರು. ರೋಗಿ ತಾನೇ ತುಂಬುವಂಥದ್ದು, ದಿನದ ಕೆಲಸಗಳ ಬಗ್ಗೆ. ಅದರಲ್ಲಿ ಒಂದು ಪ್ರಶ್ನೆ: ಹೊಸ ಹಾಲಿನ ಡಬ್ಬಿ ಬಿಚ್ಚಲು ಆಗುತ್ತದಾ? ನಂದಿನಿ ಪ್ಯಾಕೆಟ್ಟಿನ ಮೂಲೆಯನ್ನು ಕತ್ತರಿಯಲ್ಲೋ ಹಲ್ಲಲ್ಲೋ ಕತ್ತರಿಸುವ ನಮ್ಮವರಿಗೆ ಇದನ್ನು ಕೇಳಿ ಏನು ಪ್ರಯೋಜನ ಹೇಳಿ. 2002ರಲ್ಲಿ ಇದರ ಭಾರತೀಯ ರೂಪ ಬಂತು. ಸೀರೆ ಉಟ್ಟುಕೊಳ್ಳಲು ಆಗುತ್ತಾ, ಚಕ್ಕಳಮಕ್ಕಳ ಹಾಕಿ ಕೂರಲು ಆಗುತ್ತಾ, ನಲ್ಲಿ ತಿರುಗಿಸಲು, ತರಕಾರಿ ಮಾರ್ಕೆಟ್ಟಿಗೆ ಹೋಗಿಬರಲು, ಆಟೋ ಹತ್ತಿ ಇಳಿಯಲು ಆಗುತ್ತಾ? ಇದು ನಮ್ಮ ಮನೆಯ ಭಾಷೆ. ದೊಡ್ಡಮ್ಮನಿಗೆ ಆಟೋ ಪ್ರಶ್ನೆ ಕೇಳಿದಾಗ "ಹತ್ತೋಕೆ ಆಗುತ್ತೆ, ಆದರೆ ನಾವು ಕರೆದ ಕಡೆ ಬರೋ ಆಟೋ ಎಲ್ಲಿದೆ?" ಅಂದರು. ಅದಕ್ಕೆ ಅಂಕ ಕೊಡುವ ವ್ಯವಸ್ಥೆ ಇಲ್ಲ.

ಇಂಥ ಪ್ರಶ್ನೆಗಳನ್ನು ಫೋನಿನಲ್ಲೂ ಕೇಳಬಹುದು, ಅಲ್ವಾ? ಕೇಳಿದರೆ ಸಾಕಾ ಅನ್ನುವುದನ್ನು ಡೆನ್ಮಾರ್ಕಿನವರು ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದರು. ಸಂಧಿವಾತ ಹತೋಟಿಯಲ್ಲಿದ್ದ 294 ಜನರಲ್ಲಿ ಕೆಲವರು ಎಂದಿನಂತೆ ಆಸ್ಪತ್ರೆಗೆ ಬಂದರು. ಉಳಿದವರು ಮನೆಯಲ್ಲೇ ಪ್ರಶ್ನೆಗಳಿಗೆ ಉತ್ತರಿಸಿ, ಡಾಕ್ಟರ್ ಅಥವಾ ನರ್ಸ್ ಜತೆ ಫೋನಿನಲ್ಲಿ ಮಾತಾಡಿದರು. ಒಂದು ವರ್ಷ ಆದ ಮೇಲೆ ನೋಡಿದರೆ ಫೋನಿನವರ ಕಾಯಿಲೆಯ ಹತೋಟಿ ಕಮ್ಮಿಯಾಗಿರಲಿಲ್ಲ. ನೆನಪಿಡಿ, ಅವರೆಲ್ಲ ಆಗಲೇ ಹತೋಟಿಯಲ್ಲಿದ್ದವರು. ಹೊಸದಾಗಿ ಕೀಲು ಊದಿಸಿಕೊಂಡು ಬಂದವರಲ್ಲ.

ಅದೇ 2018ರಲ್ಲಿ ನಮ್ಮಲ್ಲಿ ಗಾಳಿ ಬೇರೆ ಕಡೆ ಬೀಸಿತು. ಫೋನಿನಲ್ಲಿ ಔಷಧ ಸೂಚಿಸಿದ್ದ ಒಂದು ಪ್ರಕರಣದಲ್ಲಿ ಬಾಂಬೆ ಹೈಕೋರ್ಟ್ ಕಟುವಾಗಿ ಮಾತಾಡಿತು. ಫೋನಿನಲ್ಲಿ ಮಾತ್ರೆ ಹೆಸರು ಹೇಳಿದರೂ ಕೇಸಾಗಬಹುದು ಅಂತ ಡಾಕ್ಟರುಗಳು ಹೆದರಿದರು. 2016ರಲ್ಲಿ ಜಿಯೋ ಬಂದಿತ್ತು, ಹಳ್ಳಿಯಲ್ಲೂ ವಿಡಿಯೋ ಕಾಲ್ ಆಗುತ್ತಿತ್ತು. ನೆಟ್ ಇತ್ತು, ನಿಯಮ ಇರಲಿಲ್ಲ.

ನಿಯಮ ಬಂದದ್ದು 2020ರ ಮಾರ್ಚ್ 25ಕ್ಕೆ. ಲಾಕ್‌ಡೌನ್ ಶುರುವಾದ ದಿನವೇ. ವಿಡಿಯೋ, ಫೋನ್, ಬರಹ ಯಾವುದರಲ್ಲಾದರೂ ಸಲಹೆ ಕೊಡಬಹುದು, ಫೋಟೋ ತೆಗೆದು ಕಳಿಸಿದ ಔಷಧ ಚೀಟಿಯೂ ಸಲ್ಲುತ್ತದೆ ಅಂತ ಟೆಲಿಮೆಡಿಸಿನ್ ಮಾರ್ಗಸೂಚಿ ಹೇಳಿತು. ಅದೇ ಕಾಯಿಲೆಗೆ ಆರು ತಿಂಗಳೊಳಗೆ ಮುಖತಃ ನೋಡಿದ್ದ ರೋಗಿಯಾದರೆ ಅದನ್ನು ಮುಂದುವರಿದ ಭೇಟಿ ಅಂತ ಎಣಿಸಿ ಹೆಚ್ಚು ಸಡಿಲ ಕೊಟ್ಟಿತು. ಮುಖತಃ ಬನ್ನಿ ಅನ್ನುವ ಹಕ್ಕನ್ನೂ ಡಾಕ್ಟರಿಗೆ ಉಳಿಸಿತು.

ಅದೇ ವಾರ ಸಂಧಿವಾತ, ಲೂಪಸ್ (ಮೈಯ ರಕ್ಷಣಾ ವ್ಯವಸ್ಥೆಯೇ ಮೈ ಮೇಲೆ ತಿರುಗಿಬೀಳುವ ಇನ್ನೊಂದು ಕಾಯಿಲೆ) ಇದ್ದವರ ಮನೆಗಳಲ್ಲಿ ಬೇರೆಯೇ ಗಾಬರಿ. ಹೈಡ್ರಾಕ್ಸಿಕ್ಲೋರೋಕ್ವಿನ್ ಅವರು ದಿನಾ ನುಂಗುವ ಮಾತ್ರೆ. ಅದು ಕೊರೊನಾಗೆ ಮದ್ದು ಅಂತ ಟ್ರಂಪ್ ಹೊಗಳಿದರು, ಆರೋಗ್ಯ ಕಾರ್ಯಕರ್ತರು ಮುಂಜಾಗ್ರತೆಗೆ ತೆಗೆದುಕೊಳ್ಳಬಹುದು ಅಂತ ಕೇಂದ್ರದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಹೇಳಿತು, ಜನ ಸುಮ್ನೆ ಇರಲಿ ಅಂತ ಕೊಂಡು ಮನೆಯಲ್ಲಿಟ್ಟುಕೊಂಡರು. ಮಾರ್ಚ್ 25ಕ್ಕೇ ಅದರ ರಫ್ತಿಗೆ ತಡೆ ಬಿತ್ತು, ಮರುದಿನ ಚೀಟಿ ಇಲ್ಲದೆ ಮಾರುವಂತಿಲ್ಲ ಅಂತ ಬಿಗಿ ಆದೇಶ. ನಾನು ಸ್ಕೂಟರಿನಲ್ಲಿ ಪೊಲೀಸರಿಗೆ ಕಾರಣ ಹೇಳುತ್ತಾ ಆರು ಮೆಡಿಕಲ್ ಶಾಪ್ ಸುತ್ತಿದೆ. ಹಳೇ ಚೀಟಿ ನಡೆಯಲ್ಲ ಅಂದರು. ವಾಟ್ಸಾಪಿನಲ್ಲಿ ಬಂದ ಹೊಸ ಚೀಟಿ ತೋರಿಸಿದ ಮೇಲೆ ಏಳನೇ ಅಂಗಡಿಯಲ್ಲಿ ಎರಡು ಸ್ಟ್ರಿಪ್ ಸಿಕ್ಕಿತು.

ಫೋನಿನ ಚೀಟಿಯ ಇನ್ನೊಂದು ಮುಖವನ್ನೂ ಆ ವರ್ಷವೇ ಕಂಡೆವು. ಸಂಧಿವಾತಕ್ಕೆ ಮುಖ್ಯ ಮದ್ದು ಮೆಥೋಟ್ರೆಕ್ಸೇಟ್. ಅಮೆರಿಕದಲ್ಲಿ 1988ರಲ್ಲೇ ಈ ಕಾಯಿಲೆಗೆ ಒಪ್ಪಿಗೆ ಸಿಕ್ಕಿದ್ದು, ಅಗ್ಗ, ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಅದು ವಾರಕ್ಕೆ ಒಂದೇ ದಿನ. ದಿನಾ ನುಂಗಿದರೆ ಬಾಯಿ ಹುಣ್ಣಾಗುತ್ತದೆ, ರಕ್ತಕಣ ಕುಸಿಯುತ್ತವೆ, ಪ್ರಾಣವೂ ಹೋಗಬಹುದು. ಒಂದು ಅಂಗಡಿಯಲ್ಲಿ ಮಸುಕಾದ ಚೀಟಿಯ ಫೋಟೋ ನೋಡಿ ಕವರಿನ ಮೇಲೆ "ದಿನಕ್ಕೆ ಒಂದು" ಅಂತ ಬರೆದುಕೊಟ್ಟರು. ದೊಡ್ಡಮ್ಮನಿಗೆ ಗೊತ್ತಿತ್ತು, ಬಚಾವ್. ಅವತ್ತಿನಿಂದ ಸ್ಟ್ರಿಪ್ಪಿನ ಮೇಲೆ ಮಾರ್ಕರಿನಲ್ಲಿ ದಪ್ಪಗೆ "ಸೋಮವಾರ" ಅಂತ ಬರೆಯುತ್ತೇವೆ. ಅದರ ಅಡ್ಡಪರಿಣಾಮ ತಗ್ಗಿಸಲು ಕೊಡುವ ಫೋಲಿಕ್ ಆ್ಯಸಿಡ್ ಮೇಲೆ "ಮಂಗಳವಾರ". ವಿಡಿಯೋ ಕಾಲ್ ಶುರುವಾದರೆ ಡಾಕ್ಟರು ಕೇಳುವ ಮೊದಲ ಪ್ರಶ್ನೆಯೂ ಅದೇ, ಯಾವ ವಾರ ಅಮ್ಮಾ?

ಆಮೇಲೆ ಬಂದದ್ದನ್ನು ಬೇಗ ಹೇಳಿಬಿಡುತ್ತೇನೆ. ಸರ್ಕಾರದ ಇ-ಸಂಜೀವನಿಯಲ್ಲಿ ಮನೆಯಿಂದಲೇ ಡಾಕ್ಟರ ಜೊತೆ ಮಾತಾಡುವ ಸೌಲಭ್ಯ 2020ರ ಏಪ್ರಿಲ್‌ನಲ್ಲಿ ಬಂತು. 2022ರಲ್ಲಿ ಮಾನಸಿಕ ಆರೋಗ್ಯಕ್ಕೆ ಟೆಲಿ ಮಾನಸ್, ನಮ್ಮ ನಿಮ್ಹಾನ್ಸ್ ಮುಂದಾಳತ್ವದಲ್ಲಿ. ಮಾತೇ ಚಿಕಿತ್ಸೆಯಾದ ಕಡೆ ಫೋನ್ ಬೇಗ ಒಗ್ಗುತ್ತದೆ. 2021ರಿಂದ ಆರೋಗ್ಯ ದಾಖಲೆಗಳನ್ನೆಲ್ಲ ಡಿಜಿಟಲ್ ಆಗಿ ಒಂದೆಡೆ ಜೋಡಿಸಲು 14 ಅಂಕಿಯ ಆಭಾ ಸಂಖ್ಯೆ. ದೊಡ್ಡಮ್ಮನ ಹತ್ತಿರ ಅದೂ ಇದೆ, ಆದರೂ ಅವರ ರಿಪೋರ್ಟುಗಳೆಲ್ಲ ಸೀರೆ ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲೇ ಇವೆ.

ಸಾವಿರ ವಯಸ್ಕರಲ್ಲಿ ಏಳೆಂಟು ಜನಕ್ಕೆ ಸಂಧಿವಾತ ಇದೆ ಅಂತ ದೆಹಲಿ ಹತ್ತಿರದ ಹಳ್ಳಿಗಳ ಅಧ್ಯಯನ 1993ರಲ್ಲೇ ಹೇಳಿತ್ತು. ತಜ್ಞರು ಮಾತ್ರ ಹೆಚ್ಚಾಗಿ ದೊಡ್ಡ ಊರುಗಳಲ್ಲೇ. ಬಸ್ಸಿನಲ್ಲಿ ರಾತ್ರಿಯಿಡೀ ಕೂತು ಬಂದವರ ಮಂಡಿ ಬೆಳಗ್ಗೆ ಮಡಚುವುದಿಲ್ಲ, ಮೆಜೆಸ್ಟಿಕ್ಕಿನಲ್ಲಿ ಇಳಿಯುವುದೇ ಒಂದು ಶಿಕ್ಷೆ. ಅಂಥವರು ಪ್ರತಿ ಸಲವೂ ಬರಬೇಕಾಗಿಲ್ಲ. ರಕ್ತಕಣ ಎಣಿಸುವ ಸಿಬಿಸಿ, ಲಿವರ್, ಕಿಡ್ನಿಯ ಸ್ಥಿತಿ ಹೇಳುವ ಕ್ರಿಯಾಟಿನಿನ್ ಪರೀಕ್ಷೆ ಅವರ ಊರಿನ ಲ್ಯಾಬಿನಲ್ಲೇ ಆಗುತ್ತದೆ. ಆದರೆ ಈ ಪರೀಕ್ಷೆ ಮಾಡಿಸದೆ ಬರೀ ವಿಡಿಯೋದಲ್ಲಿ ಮಾತಾಡಿ ಮೆಥೋಟ್ರೆಕ್ಸೇಟ್ ಮುಂದುವರಿಸುವುದು ಚಿಕಿತ್ಸೆಯಲ್ಲ, ಅಂಗಡಿ ವ್ಯಾಪಾರ. ಯುರೋಪಿನ ತಜ್ಞರ ಸಂಘ ಯೂಲಾರ್ 2022ರಲ್ಲಿ ಕೊಟ್ಟ ಸಲಹೆಯೂ ಇದೇ ದಾರಿಯದ್ದು: ಕಾಯಿಲೆ ಯಾವುದು ಅಂತ ಮುಖತಃ ನೋಡಿ ತೀರ್ಮಾನಿಸಿ, ಆಮೇಲಿನ ನಿಗಾ ದೂರದಿಂದಲೂ ಆಗಬಹುದು.

ಮೊನ್ನೆಯ ಕಾಲ್ ಹನ್ನೆರಡು ನಿಮಿಷ ನಡೆಯಿತು. ರಿಪೋರ್ಟ್ ಸರಿ ಇದೆ, ಮಾತ್ರೆ ಅದೇ ಇರಲಿ ಅಂದ ಡಾಕ್ಟರು ಕೊನೆಗೆ ಎಡ ಮಣಿಕಟ್ಟನ್ನು ಇನ್ನೊಮ್ಮೆ ತೋರಿಸಿ ಅಂದರು. ಟ್ಯೂಬ್‌ಲೈಟ್ ಕೆಳಗೆ ಹಿಡಿದು ತೋರಿಸಿದೆವು, ಬಳೆ ಮೇಲೆ ಸರಿಸಿ ತೋರಿಸಿದೆವು, ನಾನೂ ಒತ್ತಿದೆ. ಊತ ಇದೆಯೋ ಇಲ್ಲವೋ ನನಗಂತೂ ಗೊತ್ತಾಗಲಿಲ್ಲ.

"ಇದನ್ನ ನಾನೇ ಮುಟ್ಟಿ ನೋಡಬೇಕು, ಮುಂದಿನ ವಾರ ಬನ್ನಿ" ಅಂದರು.

ದೊಡ್ಡಮ್ಮ ಕ್ಯಾಲೆಂಡರ್ ನೋಡಿ, ಸೋಮವಾರ ಬೇಡ ಅಂದರು. ಮಾತ್ರೆ ನುಂಗಿದ ದಿನ ಅವರಿಗೆ ವಾಕರಿಕೆ ಜಾಸ್ತಿ.