ಲೈನ್‌ಮನ್‌ನ ಬೆನ್ನು ಹೊರುವ ಭಾರ

ಅಮೆರಿಕನ್ ಫುಟ್‌ಬಾಲಿನಲ್ಲಿ ಚೆಂಡು ಕೈಗೆ ಸಿಗುವುದೇ ಅಪರೂಪವಾದರೂ ಪ್ರತಿ ಸಲ ಆಟ ಶುರುವಾದ ಕೂಡಲೇ ಎದುರಾಳಿಗೆ ಮೈಯೊಡ್ಡಿ ನಿಲ್ಲಲೇಬೇಕಾದವನು ಲೈನ್‌ಮನ್. ಸುಮಾರು 140 ಕಿಲೋ ತೂಗುವ ಈತ ನೆಲಕ್ಕೆ ಕೈಯೂರಿ ಬಾಗಿದ ಭಂಗಿಯಿಂದ ಚಿಮ್ಮಿ, ತನ್ನಷ್ಟೇ ತೂಕದವನಿಗೆ ಡಿಕ್ಕಿ ಹೊಡೆದು, ಅವನನ್ನು ಹಿಂದಕ್ಕೆ ತಳ್ಳುತ್ತಾನೆ. 1997ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಐವರು ಕಾಲೇಜು ಲೈನ್‌ಮನ್‌ಗಳು ಹೀಗೆ ಗುದ್ದುವಾಗ ಸೊಂಟದ ನಾಲ್ಕನೆಯ ಮತ್ತು ಐದನೆಯ ಕಶೇರುಗಳ, ಎಂದರೆ ಬೆನ್ನೆಲುಬಿನ ಮಣಿಗಳ, ನಡುವೆ ಬೀಳುವ ಒತ್ತಡವನ್ನು ಲೆಕ್ಕ ಹಾಕಲಾಯಿತು. ಅದು ಸರಾಸರಿ 8,600 ನ್ಯೂಟನ್ನಿಗೂ ಮಿಕ್ಕಿತ್ತು. ಎಂದರೆ ಸುಮಾರು 880 ಕಿಲೋ ಭಾರವನ್ನು ಕ್ಷಣಕಾಲ ಬೆನ್ನಮೇಲೆ ಇಳಿಸಿದಂತೆ.

ಕಶೇರುಗಳ ನಡುವಿನ ಡಿಸ್ಕಿನ ಹೊರಭಾಗ ಪದರ ಪದರವಾಗಿ ಸುತ್ತಿದ ಗಟ್ಟಿ ನಾರಿನ ಬಳೆ, ಒಳಗಿರುವುದು ನೀರುತುಂಬಿದ ಲೋಳೆಯಂಥ ತಿರುಳು. ‘ಡಿಸ್ಕ್ ಜಾರಿದೆ’ ಎಂದು ನಾವು ರೂಢಿಯಲ್ಲಿ ಹೇಳುತ್ತೇವಾದರೂ ಅದು ಎಲ್ಲಿಗೂ ಜಾರುವುದಿಲ್ಲ. ಬಳೆ ಹರಿದ ಕಡೆಯಿಂದ ತಿರುಳು ಹೊರಚಾಚಿ ಪಕ್ಕದ ನರವನ್ನು ಒತ್ತುತ್ತದೆ, ನೋವು ಕಾಲಿನುದ್ದಕ್ಕೂ ಇಳಿಯುತ್ತದೆ. ಶಸ್ತ್ರಚಿಕಿತ್ಸಕರು ಸಾಮಾನ್ಯವಾಗಿ ಸಣ್ಣ ಸೀಳಿನ ಮೂಲಕ, ನರಕ್ಕೆ ತಾಗುವ ಆ ತುಣುಕನ್ನಷ್ಟೇ ತೆಗೆಯುತ್ತಾರೆ. ಕಾಲುನೋವು ಎಷ್ಟೋ ಸಲ ಬೇಗನೆ ಇಳಿಯುತ್ತದೆ, ಆದರೆ ರಕ್ತಸಂಚಾರ ತೀರ ಕಡಿಮೆಯಿರುವ ನಾರಿನ ಬಳೆ ಮೊದಲಿನ ಬಲಕ್ಕೆ ಮರಳುವುದಿಲ್ಲ. ಆದ್ದರಿಂದಲೇ ನೋವು ಹೋದ ಮಾತ್ರಕ್ಕೆ ಆಟಗಾರನನ್ನು ಕಣಕ್ಕಿಳಿಸುವಂತಿಲ್ಲ. ಹೊಟ್ಟೆ, ಬೆನ್ನು ಮತ್ತು ಪಿರ್ರೆಯ ಸ್ನಾಯುಗಳು ಭಾರದ ಪಾಲು ಹೊರುವಷ್ಟು ಬಲಿಯಬೇಕು.

ಹಾಗಿದ್ದೂ ಎಷ್ಟು ಮಂದಿ ಮರಳುತ್ತಾರೆ? ಅಮೆರಿಕದ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ಲೈನ್‌ಮನ್‌ಗಳ ದಾಖಲೆಗಳನ್ನು ಹಿಂದಿರುಗಿ ನೋಡಿದ 2011ರ ಅಧ್ಯಯನದ ಪ್ರಕಾರ, ಶಸ್ತ್ರಚಿಕಿತ್ಸೆಗೆ ಒಳಗಾದ 52 ಮಂದಿಯಲ್ಲಿ 42 ಮಂದಿ ಮತ್ತೆ ಆಡಿದರು, ಸರಾಸರಿ 33 ಪಂದ್ಯಗಳಲ್ಲಿ. ಶಸ್ತ್ರಚಿಕಿತ್ಸೆ ಇಲ್ಲದೆ ಚಿಕಿತ್ಸೆ ಪಡೆದ 14 ಮಂದಿಯಲ್ಲಿ ಮರಳಿದವರು ನಾಲ್ವರು ಮಾತ್ರ. ಈ ಅಂತರವನ್ನೇ ಶಸ್ತ್ರಚಿಕಿತ್ಸೆಯ ಗೆಲುವೆಂದು ಓದುವುದು ಆತುರವೆಂದು ನನಗನ್ನಿಸುತ್ತದೆ: ಯಾರಿಗೆ ಯಾವ ಚಿಕಿತ್ಸೆ ಎಂಬುದು ಇಲ್ಲಿ ಚೀಟಿಯೆತ್ತಿ ತೀರ್ಮಾನವಾದದ್ದಲ್ಲ, ಮತ್ತು ವೃತ್ತಿಯ ಕೊನೆಗೆ ಬಂದಿದ್ದವನು ಶಸ್ತ್ರಚಿಕಿತ್ಸೆಯ ಗೊಡವೆಗೆ ಹೋಗದೆ ಆಟವನ್ನೇ ಬಿಟ್ಟಿರಬಹುದು. ಹದಿನಾಲ್ಕು ಎಂಬ ಸಂಖ್ಯೆಯೂ ಚಿಕ್ಕದು. ನನ್ನ ಗಮನ ಸೆಳೆದದ್ದು ಇನ್ನೊಂದು ಅಂಕಿ: 52ರಲ್ಲಿ ಏಳು ಮಂದಿಗೆ ಮತ್ತೊಮ್ಮೆ ಶಸ್ತ್ರಚಿಕಿತ್ಸೆ ಬೇಕಾಯಿತು, ಅವರಲ್ಲಿ ಆರು ಮಂದಿ ಆಮೇಲೂ ಆಡಿದರು.

ಆಗ ಹ್ಯೂಸ್ಟನ್ ತಂಡದ ರಕ್ಷಣಾ ಸಾಲಿನಲ್ಲಿದ್ದ ಜೆ. ಜೆ. ವ್ಯಾಟ್ ಅವರ ಕತೆಯೂ ಇದೇ ಜಾಡಿನದು. 2016ರ ಜುಲೈನಲ್ಲಿ ಡಿಸ್ಕಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಸೆಪ್ಟೆಂಬರ್‌ನಲ್ಲಿ ಕಣಕ್ಕಿಳಿದ ಅವರು ಮೂರೇ ಪಂದ್ಯಗಳ ಬಳಿಕ ಬೆನ್ನಿಗೆ ಮತ್ತೆ ಪೆಟ್ಟು ಮಾಡಿಕೊಂಡು, ಎರಡನೆಯ ಶಸ್ತ್ರಚಿಕಿತ್ಸೆಗೆ ಒಳಗಾಗಿ ಆ ಋತುವನ್ನೇ ಕಳೆದುಕೊಂಡರು. ಮರುವರ್ಷ ಅವರನ್ನು ಹೊರಗೆ ಕೂರಿಸಿದ್ದು ಬೆನ್ನಲ್ಲ, ಮುರಿದ ಕಾಲು. 2018ರಲ್ಲಿ ಅವರು ಹದಿನಾರಕ್ಕೆ ಹದಿನಾರೂ ಪಂದ್ಯಗಳನ್ನು ಆಡಿದರು.